ಎಡ್ಗರ್ ಲೇಂಗ್ ಮಳಿಗೆಗಳು: ಎರಕದ ಕಬ್ಬಿಣದ ಮುಂಗೋಡೆಯ ಉದಯ ಮತ್ತು ಒಂದು ಕಟ್ಟಡದ ಕಣ್ಮರೆ

1849ರ ವಸಂತದಲ್ಲಿ, ನ್ಯೂಯಾರ್ಕ್ ನಗರದ ವಾಷಿಂಗ್ಟನ್ ಬೀದಿಯೂ ಮರ್ರೆ ಬೀದಿಯೂ ಕೂಡುವ ವಾಯವ್ಯ ಮೂಲೆಯಲ್ಲಿ, ಎಡ್ಗರ್ ಲೇಂಗ್ ಎಂಬ ಕಲ್ಲಿದ್ದಲು ವ್ಯಾಪಾರಿ ನಾಲ್ಕು ಅಂತಸ್ತಿನ ಮಳಿಗೆಗಳ ಸಾಲೊಂದನ್ನು ಕಟ್ಟಿಸಿದರು. ಬೀದಿಗೆ ಮುಖ ಮಾಡಿದ ಗೋಡೆಗಳಿಗೆ ಕಲ್ಲನ್ನಾಗಲಿ ಇಟ್ಟಿಗೆಯನ್ನಾಗಲಿ ಬಳಸಿರಲಿಲ್ಲ. ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು, ಅಡ್ಡಪಟ್ಟಿಗಳು ಮತ್ತು ಫಲಕಗಳನ್ನು ಬೋಲ್ಟ್‌ಗಳಿಂದ ಬಿಗಿದು ಇಡೀ ಮುಖವನ್ನು ನಿಲ್ಲಿಸಲಾಗಿತ್ತು. ಕೆಲಸ ಸುಮಾರು ಎರಡು ತಿಂಗಳಲ್ಲಿ ಮುಗಿಯಿತು. 122 ವರ್ಷಗಳ ನಂತರ, 1971ರಲ್ಲಿ, ಅದೇ ಮುಂಗೋಡೆಯನ್ನು ಬೇರೆಡೆ ಮರಳಿ ಜೋಡಿಸುವ ಉದ್ದೇಶದಿಂದ ಬಿಚ್ಚಿ, ಬಿಡಿಭಾಗಗಳನ್ನು ತೆಗೆದಿರಿಸಲಾಯಿತು. 1974ರಲ್ಲಿ ಅವುಗಳಲ್ಲಿ ಹೆಚ್ಚಿನವು ಕಳುವಾಗಿ ಗುಜರಿ ಸೇರಿದವು. 1977ರ ಹೊತ್ತಿಗೆ ಉಳಿದವೂ ಇಲ್ಲವಾದವು.

ಎರಕದ ಕಬ್ಬಿಣದ ಮುಂಗೋಡೆಗಳ ಚರಿತ್ರೆಯಲ್ಲಿ ಇದಕ್ಕಿಂತ ಭವ್ಯವಾದ ಕಟ್ಟಡಗಳಿವೆ. ಆದರೂ ಅಧ್ಯಯನಕ್ಕೆ ಈ ಸಾದಾ ಮಳಿಗೆ ಸಾಲನ್ನೇ ಆರಿಸಿಕೊಳ್ಳಲು ಕಾರಣವಿದೆ. ಕಬ್ಬಿಣದ ಮುಂಗೋಡೆ ಬೇಗನೆ ಜನಪ್ರಿಯವಾದದ್ದು ಅದು ಬಿಡಿಭಾಗಗಳ ಕಟ್ಟಡವಾಗಿದ್ದರಿಂದ: ಒಂದೆಡೆ ಎರಕ ಹೊಯ್ದು, ಇನ್ನೊಂದೆಡೆ ಜೋಡಿಸಿ, ಬೇಕೆಂದರೆ ಬಿಚ್ಚಿ ಮೂರನೆಯ ಕಡೆಗೆ ಒಯ್ಯಬಹುದಾಗಿತ್ತು. ಈ ಗುಣವನ್ನು ಅದರ ಪ್ರವರ್ತಕರೇ ಮುಂದಿಟ್ಟು ಮಾರಾಟ ಮಾಡಿದರು. ಲೇಂಗ್ ಮಳಿಗೆಗಳನ್ನು ಹುಟ್ಟಿಸಿದ್ದೂ ಆ ಗುಣವೇ, ಕೊನೆಗೆ ಅಳಿಸಿದ್ದೂ ಅದೇ. ಈ ಎರಡು ತುದಿಗಳು ಒಂದೇ ಕಟ್ಟಡದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಸಿಗುವ ಬೇರೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಬೆಂಕಿ, ಬೆಳಕು ಮತ್ತು ಕಿರಿದಾದ ನಿವೇಶನ

1840ರ ದಶಕದ ನ್ಯೂಯಾರ್ಕ್ ವ್ಯಾಪಾರದ ಒತ್ತಡದಲ್ಲಿ ಬೆಳೆಯುತ್ತಿದ್ದ ನಗರ. ಮ್ಯಾನ್‌ಹಟನ್‌ನ ನಿವೇಶನಗಳು ಸಾಮಾನ್ಯವಾಗಿ 25 ಅಡಿ ಅಗಲ, ಸುಮಾರು 100 ಅಡಿ ಉದ್ದ. ಎರಡೂ ಪಕ್ಕಗಳಲ್ಲಿ ನೆರೆಯವರ ಕಟ್ಟಡಕ್ಕೆ ತಾಗಿದ ಇಟ್ಟಿಗೆಯ ಗೋಡೆ ಇರುತ್ತಿದ್ದುದರಿಂದ ಅಲ್ಲಿ ಕಿಟಕಿ ತೆರೆಯುವಂತಿರಲಿಲ್ಲ. ಹಗಲಿನ ಬೆಳಕು ಬರಬೇಕಾದರೆ ಮುಂದಿನಿಂದ ಇಲ್ಲವೇ ಹಿಂದಿನಿಂದಲೇ ಬರಬೇಕು. ಕಲ್ಲು ಅಥವಾ ಇಟ್ಟಿಗೆಯ ಮುಂಗೋಡೆಯಾದರೆ ಮೇಲಿನ ಅಂತಸ್ತುಗಳ ಭಾರ ಹೊರಲು ಕೆಳಗಿನ ಗೋಡೆ ದಪ್ಪವಾಗಲೇಬೇಕು. ಗೋಡೆ ದಪ್ಪವಾದಷ್ಟೂ ಕಿಟಕಿಗೆ ಜಾಗ ಕಡಿಮೆ. ಬಟ್ಟೆಯ ಬಣ್ಣವನ್ನೋ ಗಾಜಿನ ಸಾಮಾನಿನ ಹೊಳಪನ್ನೋ ಗಿರಾಕಿಗೆ ತೋರಿಸಬೇಕಾದ ವ್ಯಾಪಾರಿಗೆ ಇದು ದಿನನಿತ್ಯದ ತೊಡಕು. ಎರಕದ ಕಬ್ಬಿಣದ ತೆಳುವಾದ ಕಂಬ ಅದೇ ಭಾರವನ್ನು ಬಹಳ ಕಡಿಮೆ ಅಗಲದಲ್ಲಿ ಹೊರಬಲ್ಲದು. ಆದ್ದರಿಂದಲೇ ಇಡೀ ಮುಂಗೋಡೆಗಳು ಬರುವ ಮುಂಚೆಯೇ, ಕಲ್ಲಿನ ಕಟ್ಟಡಗಳ ನೆಲ ಅಂತಸ್ತಿನಲ್ಲಿ ಅಂಗಡಿ ಮುಂಭಾಗಕ್ಕೆ ಮಾತ್ರ ಕಬ್ಬಿಣದ ಕಂಬ ಮತ್ತು ತೊಲೆ ಕೂರಿಸುವ ರೂಢಿ ಅಮೆರಿಕದಲ್ಲಿ ಬಂದಿತ್ತು.

ಇನ್ನೊಂದು ಕಾರಣ ಬೆಂಕಿಯ ಭಯ. 1835ರ ಡಿಸೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಸುತ್ತಮುತ್ತಲಿನ ವ್ಯಾಪಾರಿ ಪ್ರದೇಶವನ್ನು ನುಂಗಿದ ಬೆಂಕಿಗೆ 600ಕ್ಕೂ ಹೆಚ್ಚು ಕಟ್ಟಡಗಳು ಆಹುತಿಯಾದವು. ಕೊರೆಯುವ ಚಳಿಗೆ ನದಿಯ ನೀರೇ ಹೆಪ್ಪುಗಟ್ಟಿ, ಬೆಂಕಿ ನಂದಿಸುವವರು ಕೈಕಟ್ಟಿ ನಿಲ್ಲಬೇಕಾಯಿತು. ಹತ್ತು ವರ್ಷಗಳ ನಂತರ, 1845ರ ಜುಲೈನಲ್ಲಿ, ಅದೇ ಪ್ರದೇಶದ ಬಳಿ ಇನ್ನೊಂದು ದೊಡ್ಡ ಬೆಂಕಿ ಬಿತ್ತು. ಹೀಗಾಗಿ 'ಸುಡದ ಕಟ್ಟಡ' ಎಂಬ ಮಾತು ಆ ಊರಿನ ವ್ಯಾಪಾರಿಗಳ ಕಿವಿಗೆ ಬೇರೆಲ್ಲ ಮಾತಿಗಿಂತ ಹಿತವಾಗಿತ್ತು. ಕಬ್ಬಿಣ ಉರಿಯುವುದಿಲ್ಲ ಎಂಬ ಸರಳ ಸತ್ಯ ಅವರಿಗೆ ಸಾಕಾಯಿತು. ಆ ಸತ್ಯದ ಇನ್ನೊಂದು ಮಗ್ಗುಲು ತಿಳಿಯಲು ಕಾಲು ಶತಮಾನ ಬೇಕಾಯಿತು. ಅದನ್ನು ಮುಂದೆ ನೋಡೋಣ.

ಕಬ್ಬಿಣವನ್ನು ಕಟ್ಟಡದ ಒಳಗೆ ಬಳಸುವುದೇನೂ ಹೊಸತಾಗಿರಲಿಲ್ಲ. ಇಂಗ್ಲೆಂಡಿನ ಷ್ರೂಸ್‌ಬರಿಯ ಹತ್ತಿರದ ಡಿದರಿಂಗ್ಟನ್‌ನಲ್ಲಿ 1797ರಲ್ಲಿ ಚಾರ್ಲ್ಸ್ ಬೇಜ್ ಕಟ್ಟಿದ ನಾರಿನ ಗಿರಣಿಯಲ್ಲಿ ಕಂಬ, ತೊಲೆಗಳೆಲ್ಲ ಎರಕದ ಕಬ್ಬಿಣದವು. ಆದರೆ ಆ ಗಿರಣಿಯ ಹೊರಗೋಡೆ ಇಟ್ಟಿಗೆಯದು. ಕಬ್ಬಿಣ ಒಳಗೇ ಅಡಗಿತ್ತು. ಅದನ್ನು ಬೀದಿಯ ಕಡೆಗೆ ತಂದು, ಅದಕ್ಕೇ ಮುಖದ ಅಲಂಕಾರವನ್ನೂ ಭಾರ ಹೊರುವ ಕೆಲಸವನ್ನೂ ಒಟ್ಟಿಗೆ ಒಪ್ಪಿಸಿ, ಅದನ್ನೊಂದು ಲಾಭದ ಉದ್ಯಮವಾಗಿ ಬೆಳೆಸಿದ್ದು ನ್ಯೂಯಾರ್ಕ್.

ಗಡಿಯಾರದ ಕೆಲಸ ಕಲಿತ ಬೊಗಾರ್ಡಸ್

ಲೇಂಗ್ ಮಳಿಗೆಗಳ ಕರ್ತೃ ಜೇಮ್ಸ್ ಬೊಗಾರ್ಡಸ್ ವಾಸ್ತುಶಿಲ್ಪಿಯಲ್ಲ. 1800ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್‌ನಲ್ಲಿ ಹುಟ್ಟಿ, ಗಡಿಯಾರ ತಯಾರಿಕೆಯಲ್ಲಿ ಪಳಗಿದ ಅವರು ಹೊಸ ಯಂತ್ರಗಳನ್ನು ಕಂಡುಹಿಡಿಯುವುದರಲ್ಲೇ ಬದುಕಿದವರು. ಧಾನ್ಯ ಮತ್ತು ಬಣ್ಣ ಅರೆಯುವ ಗಿರಣಿ, ಕೆತ್ತನೆಯ ಯಂತ್ರ ಇವೆಲ್ಲ ಅವರ ಹೆಸರಿನಲ್ಲಿವೆ. 1836ರಿಂದ 1840ರವರೆಗೆ ಯುರೋಪಿನಲ್ಲಿದ್ದಾಗ, ಇಟಲಿಯ ಪ್ರಾಚೀನ ಶೈಲಿಯ ಕಟ್ಟಡಗಳನ್ನು ನೋಡಿ, ಅದೇ ರೂಪಗಳನ್ನು ಎರಕದ ಕಬ್ಬಿಣದಲ್ಲಿ ಪುನಃ ಸೃಷ್ಟಿಸುವ ಯೋಚನೆ ತಮಗೆ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ನನ್ನ ದೃಷ್ಟಿಯಲ್ಲಿ ಇಟಲಿಯ ಕಂಬಗಳಿಗಿಂತ ಗಡಿಯಾರದ ಕಸುಬೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂತು. ಕಟ್ಟಡವೆಂದರೆ ಒಂದರೊಳಗೊಂದು ಕೂದಲಷ್ಟೂ ಸಂದು ಬಿಡದೆ ಕೂರಬೇಕಾದ ಬಿಡಿಭಾಗಗಳ ಕೂಟವೆಂದು ನೋಡುವ ಕಣ್ಣು ಆ ಕಸುಬಿನಿಂದಲೇ ಬಂದದ್ದು.

1848ರಲ್ಲಿ ಅವರು ಬ್ರಾಡ್‌ವೇಯ 183ನೆಯ ಸಂಖ್ಯೆಯಲ್ಲಿದ್ದ ಡಾ. ಜಾನ್ ಮಿಲೋ ಅವರ ಔಷಧದ ಅಂಗಡಿಗೆ ಕಬ್ಬಿಣದ ಹೊಸ ಮುಖ ಕೂರಿಸಿದರು. ಅದೇ ಸಮಯದಲ್ಲಿ ಸೆಂಟರ್ ಬೀದಿ ಮತ್ತು ಡುವೇನ್ ಬೀದಿಯ ಮೂಲೆಯಲ್ಲಿ ತಮ್ಮದೇ ಕಾರ್ಖಾನೆಯನ್ನು ಕಬ್ಬಿಣದಲ್ಲಿ ಕಟ್ಟಲು ಅಡಿಪಾಯ ಹಾಕಿದ್ದರು. ಲೇಂಗ್ ಅವರ ಕೆಲಸ ಮಧ್ಯೆ ಬಂದುದರಿಂದ ಅದು ಮೊದಲು ಮುಗಿಯಿತು, ಕಾರ್ಖಾನೆ ಆಮೇಲೆ ಎದ್ದಿತು. 1850ರ ಮೇ 7ರಂದು ಕಬ್ಬಿಣದ ಕಟ್ಟಡದ ಚೌಕಟ್ಟು, ಛಾವಣಿ ಮತ್ತು ನೆಲಹಾಸಿನ ನಿರ್ಮಾಣ ವಿಧಾನಕ್ಕೆ ಅವರಿಗೆ ಅಮೆರಿಕದ 7,337ನೆಯ ಪೇಟೆಂಟ್ ದೊರೆಯಿತು.

ಬೊಗಾರ್ಡಸ್ ಬಳಿ ಸ್ವಂತ ಎರಕದ ಕುಲುಮೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಎರಕವನ್ನು ಬೇರೆ ಫೌಂಡ್ರಿಗಳಿಗೆ ವಹಿಸಿ, ಭಾಗಗಳನ್ನು ತಮ್ಮಲ್ಲಿ ನಯಗೊಳಿಸಿ ಜೋಡಿಸುವುದು ಅವರ ಕ್ರಮ. ಒಟ್ಟು ಕೆಲಸವನ್ನು ಹಲವರಿಗೆ ಹಂಚಿಯೂ ಕೊನೆಗೆ ಎಲ್ಲವೂ ಒಂದಕ್ಕೊಂದು ಕೂಡುವಂತೆ ಮಾಡುವುದು ಆ ಕಾಲಕ್ಕೆ ಕಟ್ಟಡ ಕಟ್ಟುವವರ ವಿದ್ಯೆಯಾಗಿರಲಿಲ್ಲ, ಯಂತ್ರ ಕಟ್ಟುವವರ ವಿದ್ಯೆಯಾಗಿತ್ತು.

ಒಂದು ಕಂಬ, ಒಂದು ಕೂಡುಜಾಗ

ಈ ಕಟ್ಟಡದ ಮರ್ಮವಿರುವುದು ಅದರ ಕೂಡುಜಾಗಗಳಲ್ಲಿ. ಆದ್ದರಿಂದ ಜೋಡಣೆಯ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು.

ಮೊದಲು ಮಾದರಿ ತಯಾರಕ ಬಡಗಿಯು ಪ್ರತಿಯೊಂದು ಬಗೆಯ ಭಾಗಕ್ಕೂ ಮರದ ಮಾದರಿ ಕೆತ್ತುತ್ತಾನೆ. ಕರಗಿದ ಕಬ್ಬಿಣ ತಣಿಯುವಾಗ ಅಡಿಗೆ ಸುಮಾರು ಎಂಟನೇ ಒಂದು ಅಂಗುಲದಷ್ಟು ಕುಗ್ಗುವುದರಿಂದ, ಮಾದರಿಯನ್ನು ಅಷ್ಟೇ ಹಿಗ್ಗಿಸಿ ಮಾಡಬೇಕು. ಅದಕ್ಕೆಂದೇ ಬಡಗಿಯ ಕೈಯಲ್ಲಿ ಬೇರೆ ಅಳತೆಗೋಲು ಇರುತ್ತದೆ. ಎರಡು ಪಾಲಾದ ಪೆಟ್ಟಿಗೆಯಲ್ಲಿ ಒದ್ದೆ ಮರಳನ್ನು ಮಾದರಿಯ ಸುತ್ತ ಗಟ್ಟಿಯಾಗಿ ತುಂಬಿ, ಮಾದರಿಯನ್ನು ಹೊರತೆಗೆದು, ಉಳಿದ ಟೊಳ್ಳಿಗೆ ಕಬ್ಬಿಣ ಹೊಯ್ಯುತ್ತಾರೆ. ಮರಳಿನ ಅಚ್ಚು ಒಂದೇ ಸಲಕ್ಕೆ ಮುಗಿಯಿತು, ಆದರೆ ಮರದ ಮಾದರಿ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಕಲ್ಲುಕುಟಿಗನಿಗೆ ಹತ್ತನೆಯ ಕಂಬಕ್ಕೂ ಮೊದಲನೆಯದರಷ್ಟೇ ದುಡಿಮೆ. ಫೌಂಡ್ರಿಯಲ್ಲಿ ಹತ್ತನೆಯದಕ್ಕೆ ಬೇಕಾದದ್ದು ಕಬ್ಬಿಣ, ಮರಳು ಮತ್ತು ಒಂದು ಹೊತ್ತಿನ ಕೆಲಸ ಮಾತ್ರ. ಒಂದೇ ಅಂಕಣವನ್ನು ಅಡ್ಡಕ್ಕೂ ಉದ್ದಕ್ಕೂ ಮರುಕಳಿಸುವ ಶೈಲಿ ಈ ಕಟ್ಟಡಗಳಲ್ಲಿ ಬಂದದ್ದು ಬರಿಯ ಅಭಿರುಚಿಯಿಂದಲ್ಲ, ಈ ಲೆಕ್ಕಾಚಾರದಿಂದ.

ಬೊಗಾರ್ಡಸ್ ವಿವರಿಸಿದ ವಿಧಾನ ಹೀಗಿತ್ತು. ಕಲ್ಲಿನ ಅಡಿಪಾಯದ ಮೇಲೆ ಕಬ್ಬಿಣದ ಅಡಿಪಟ್ಟಿಯನ್ನು ತುಂಡುತುಂಡಾಗಿ ಹಾಸುತ್ತಾರೆ. ಪ್ರತಿ ತುಂಡಿನ ಉದ್ದ ಎರಡು ಕಂಬಗಳ ನಡುವಿನ ಅಂತರಕ್ಕೆ ಸರಿಸಮ. ತುಂಡುಗಳ ತುದಿಗಳನ್ನು ಯಂತ್ರದಲ್ಲಿ ಹೆರೆದು ಮಟ್ಟಗೊಳಿಸಿರುವುದರಿಂದ ಅವು ಪರಸ್ಪರ ಪೂರ್ತಿ ತಾಗಿ ನಿಲ್ಲುತ್ತವೆ. ಎರಡು ತುಂಡುಗಳು ಕೂಡುವ ಜಾಗದ ನೆತ್ತಿಯ ಮೇಲೆಯೇ ಕಂಬವನ್ನು ನಿಲ್ಲಿಸಿ, ಕಂಬದ ಬುಡವನ್ನು ಎರಡೂ ತುಂಡುಗಳಿಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕಂಬಗಳ ತಲೆಯ ಮೇಲೆ ಅದೇ ಬಗೆಯ ಇನ್ನೊಂದು ಪಟ್ಟಿ. ಅದರ ಮೇಲೆ ಮುಂದಿನ ಅಂತಸ್ತಿನ ಕಂಬ. ಹೀಗೆ ಒಂದೊಂದು ಬೋಲ್ಟೂ ಕಂಬವನ್ನು ಪಟ್ಟಿಗೆ ಕಟ್ಟುವುದರ ಜೊತೆಗೆ ಪಟ್ಟಿಯನ್ನು ಪಟ್ಟಿಗೂ ಕಟ್ಟುತ್ತದೆ, ಮುಂಗೋಡೆ ಪೂರ್ತಿ ಒಂದೇ ಜಾಲರಿಯಾಗುತ್ತದೆ. ಹೀಗೆ ಕಟ್ಟಿದ ಮನೆಯ ಬಹುಪಾಲು ಕಬ್ಬಿಣವನ್ನು ತೆಗೆದುಹಾಕಿದರೂ ಉಳಿದದ್ದು ಬೀಳದೆ ನಿಲ್ಲುತ್ತದೆಂದು ಬೊಗಾರ್ಡಸ್ ಸಾರುತ್ತಿದ್ದರು. 1856ರಲ್ಲಿ ಹೊರಡಿಸಿದ ಕಿರುಹೊತ್ತಿಗೆಯಲ್ಲಿ, ಕೆಳಗಿನ ಹಲವು ಭಾಗಗಳಿಲ್ಲದೆಯೂ ನಿಂತಿರುವ ಕಟ್ಟಡದ ಚಿತ್ರವನ್ನೂ ಅಚ್ಚು ಹಾಕಿಸಿದ್ದರು.

ಲೇಂಗ್ ಮಳಿಗೆಗಳ ಮುಖದಲ್ಲಿ ಕಿಟಕಿಗಳ ನಡುವೆ ಉದ್ದನೆಯ ಗೀರುಗಳುಳ್ಳ, ಡೋರಿಕ್ ಶೈಲಿಯ ಅರೆಗಂಬಗಳಿದ್ದವು. ಕಿಟಕಿಗಳ ಕೆಳಗೆ ಫಲಕಗಳು. ಹೂವಿನ ಬಿಲ್ಲೆ, ಸಿಂಹದ ಮುಖ ಮೊದಲಾದ ಅಲಂಕಾರಗಳನ್ನು ಬೇರೆಯಾಗಿ ಎರಕ ಹೊಯ್ದು ಮೇಲಿನಿಂದ ಕೂರಿಸಿದ್ದರು. ಇದೂ ಜಾಣತನವೇ. ಅಲಂಕಾರ ಬದಲಾದರೂ ಮೂಲ ಫಲಕದ ಮಾದರಿ ಬದಲಾಗಬೇಕಿಲ್ಲ. ಒಬ್ಬ ಗಿರಾಕಿಗೆ ಸಿಂಹ, ಇನ್ನೊಬ್ಬನಿಗೆ ಹೂ.

1971ರಲ್ಲಿ ಕಟ್ಟಡವನ್ನು ಬಿಚ್ಚಿದಾಗ ಇನ್ನೊಂದು ಸಂಗತಿ ಬಯಲಾಯಿತು. ಬೊಗಾರ್ಡಸ್ ಬರಹಗಳನ್ನು ಓದಿದವರು ಒಳಗೂ ಕಬ್ಬಿಣವೇ ಇರಬಹುದೆಂದು ಎಣಿಸಿದ್ದರೆ, ಸಿಕ್ಕಿದ್ದು ಇಟ್ಟಿಗೆಯ ಅಡ್ಡಗೋಡೆಗಳು ಮತ್ತು ಮರದ ತೊಲೆಗಳು. ಮುಂಗೋಡೆ ತನ್ನ ಭಾರವನ್ನು ತಾನು ಹೊತ್ತು ಬೀದಿಗೆ ಮುಖ ತೋರಿಸುತ್ತಿತ್ತು. ಹಿಂದಿನದೆಲ್ಲ ಆ ಕಾಲದ ಮಾಮೂಲಿ ಗೋದಾಮು. ಇದರಿಂದ ಬೊಗಾರ್ಡಸ್ ಅವರ ಹಿರಿಮೆ ಕುಗ್ಗುತ್ತದೆಂದು ನಾನು ಭಾವಿಸುವುದಿಲ್ಲ. ಆದರೆ ಇಂಥ ಕಟ್ಟಡಗಳನ್ನು ಗಗನಚುಂಬಿಗಳ ನೇರ ಪೂರ್ವಜರೆಂದು ಹೇಳಿಬಿಡುವ ವಾಡಿಕೆಗೆ ಈ ಸಂಶೋಧನೆ ಕಡಿವಾಣ ಹಾಕುತ್ತದೆ. ಆ ಹಿರಿತನ ಸಲ್ಲಬೇಕಾದದ್ದು ಬೊಗಾರ್ಡಸ್ ಅವರದೇ ಬೇರೆ ಕೆಲಸಕ್ಕೆ. ಸೀಸದ ಗುಂಡು ತಯಾರಿಸುವ ಮೆಕಲಾ ಕಂಪನಿಗೆ ಅವರು 1855ರಲ್ಲಿ ಕಟ್ಟಿದ 175 ಅಡಿ ಎತ್ತರದ ಗೋಪುರದಲ್ಲಿ ಭಾರ ಹೊತ್ತದ್ದು ಕಬ್ಬಿಣದ ಚೌಕಟ್ಟು. ಇಟ್ಟಿಗೆ ಅದರ ನಡುವಿನ ಖಾಲಿಯನ್ನು ತುಂಬುತ್ತಿತ್ತು ಅಷ್ಟೆ.

ಮಾದರಿಯಿಂದ ಮಾರುಕಟ್ಟೆಗೆ

ಲೇಂಗ್ ಮಳಿಗೆಗಳ ನಂತರ ಬೇಡಿಕೆ ವೇಗವಾಗಿ ಬೆಳೆಯಿತು. 1851ರಲ್ಲಿ ಬಾಲ್ಟಿಮೋರ್‌ನ 'ಸನ್' ಪತ್ರಿಕೆಯ ಕಚೇರಿಯನ್ನು ವಾಸ್ತುಶಿಲ್ಪಿ ಆರ್. ಜಿ. ಹ್ಯಾಟ್‌ಫೀಲ್ಡ್ ಜೊತೆಗೂಡಿ ಬೊಗಾರ್ಡಸ್ ಕಟ್ಟಿದರು. 1853ರ ಡಿಸೆಂಬರ್‌ನಲ್ಲಿ ಹಾರ್ಪರ್ ಅಂಡ್ ಬ್ರದರ್ಸ್ ಪ್ರಕಾಶನದ ಮುದ್ರಣಾಲಯ ಸುಟ್ಟುಹೋದಾಗ, ಹೊಸ ಕಟ್ಟಡದ ಕಬ್ಬಿಣದ ಮುಖವೂ ಅವರಿಗೇ ಬಂತು. ಅದಕ್ಕೆ ಬಾಲ್ಟಿಮೋರ್ ಕಟ್ಟಡದ ಮಾದರಿಗಳನ್ನೇ ಮತ್ತೆ ಬಳಸಿಕೊಂಡರು. ಎರಡು ಬೇರೆ ಊರುಗಳಲ್ಲಿ, ಇಬ್ಬರು ಬೇರೆ ಮಾಲೀಕರಿಗೆ, ಒಂದೇ ಮರದ ಮಾದರಿಯಿಂದ ಹುಟ್ಟಿದ ಮುಂಗೋಡೆಗಳು!

ಆದರೆ ಇದನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದ ಶ್ರೇಯಸ್ಸು ಡೇನಿಯಲ್ ಬ್ಯಾಜರ್ ಅವರಿಗೆ ಸಲ್ಲುತ್ತದೆ. ಬಾಸ್ಟನ್‌ನಲ್ಲಿ 1842ರಲ್ಲಿಯೇ ಅಂಗಡಿಯೊಂದಕ್ಕೆ ಕಬ್ಬಿಣದ ಮುಂಭಾಗ ಕೂರಿಸಿದ್ದಾಗಿ ಅವರು ಹೇಳಿಕೊಂಡಿದ್ದು, ಮೊದಲಿಗರು ಯಾರು ಎಂಬ ವಿಷಯದಲ್ಲಿ ಅವರ ಮತ್ತು ಬೊಗಾರ್ಡಸ್ ನಡುವಿನ ಪೈಪೋಟಿ ಕೊನೆಯವರೆಗೂ ಮುಗಿಯಲಿಲ್ಲ. ಸುರುಳಿ ಸುತ್ತುವ ಕಬ್ಬಿಣದ ಷಟರ್‌ಗಳಿಂದ ವ್ಯಾಪಾರ ಬೆಳೆಸಿಕೊಂಡು 1846ರಲ್ಲಿ ನ್ಯೂಯಾರ್ಕ್‌ಗೆ ಬಂದ ಬ್ಯಾಜರ್, ತಮ್ಮದೇ ಫೌಂಡ್ರಿಯಲ್ಲಿ ವಿನ್ಯಾಸದಿಂದ ಹಿಡಿದು ಸಾಗಣೆಯವರೆಗೆ ಎಲ್ಲವನ್ನೂ ಒಂದೇ ಸೂರಿನಡಿ ತಂದರು. 1865ರಲ್ಲಿ ಅವರ ಆರ್ಕಿಟೆಕ್ಚರಲ್ ಐರನ್ ವರ್ಕ್ಸ್ ಹೊರತಂದ ಸಚಿತ್ರ ಕ್ಯಾಟಲಾಗ್‌ನಿಂದ ಗಿರಾಕಿಯು ಕಂಬ, ಕಮಾನು, ಸೂರಂಚಿನ ಪಟ್ಟಿಗಳನ್ನು ಆಯ್ದುಕೊಳ್ಳಬಹುದಿತ್ತು. ಭಾಗಗಳನ್ನು ಕಾರ್ಖಾನೆಯಲ್ಲೇ ಒಮ್ಮೆ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಹಡಗಿಗೋ ರೈಲಿಗೋ ಏರಿಸುತ್ತಿದ್ದರು.

ಬ್ಯಾಜರ್ ಕಾರ್ಖಾನೆಯ ಅತ್ಯುತ್ತಮ ಕೆಲಸ ಬ್ರಾಡ್‌ವೇ ಮತ್ತು ಬ್ರೂಮ್ ಬೀದಿಗಳ ಮೂಲೆಯ ಹಾವೌಟ್ ಕಟ್ಟಡ. ಜಾನ್ ಗೇನರ್ ವಿನ್ಯಾಸದ, 1857ರಲ್ಲಿ ಮುಗಿದ ಈ ಐದು ಅಂತಸ್ತಿನ ಅಂಗಡಿಯಲ್ಲಿ ಪಿಂಗಾಣಿ, ಗಾಜು, ಬೆಳ್ಳಿಯ ಸಾಮಾನು, ತೂಗುದೀಪಗಳು ಮಾರಾಟಕ್ಕಿದ್ದವು. ವೆನಿಸ್‌ನಲ್ಲಿ ಸಾನ್ಸೊವಿನೊ ಕಟ್ಟಿದ ಗ್ರಂಥಾಲಯದ ಕಮಾನಿನ ಅಂಕಣವನ್ನು ತೆಗೆದುಕೊಂಡು, ಎರಡೂ ಬೀದಿಗಳ ಕಡೆಗೆ ಸಾಲುಸಾಲಾಗಿ ಅದನ್ನೇ ಮರುಕಳಿಸಲಾಗಿದೆ. 1857ರ ಮಾರ್ಚ್ 23ರಂದು ಎಲಿಷಾ ಓಟಿಸ್ ಅವರು ಪ್ರಯಾಣಿಕರ ಮೊದಲ ಯಶಸ್ವಿ ವಾಣಿಜ್ಯ ಲಿಫ್ಟನ್ನು ಚಾಲನೆಗೆ ತಂದದ್ದೂ ಇಲ್ಲಿಯೇ. ಅದು ನೆಲಮಾಳಿಗೆಯ ಉಗಿಯಂತ್ರದಿಂದ ನಡೆಯುತ್ತಿತ್ತು.

ಬಣ್ಣದ ಬಗ್ಗೆ ಒಂದು ಮಾತು. ಕಬ್ಬಿಣವೆಂದು ಎದ್ದು ಕಾಣಬೇಕೆಂಬ ಹಂಬಲ ಆ ಕಾಲದವರಿಗೆ ಇರಲಿಲ್ಲ. ತುಕ್ಕು ತಡೆಯಲು ಹೇಗೂ ಬಣ್ಣ ಬೇಕಿತ್ತು. ಅದು ಕಲ್ಲಿನ ಬಣ್ಣವೇ ಆಗಿರಲಿ ಎಂದು, ಕೆಲವೊಮ್ಮೆ ಹಸಿ ಬಣ್ಣದ ಮೇಲೆ ಮರಳನ್ನೂ ಎರಚಿ, ಕಲ್ಲಿನಂತೆ ಕಾಣುವ ಹಾಗೆ ಮಾಡುತ್ತಿದ್ದರು. ಇದನ್ನು ಸುಳ್ಳು ವಾಸ್ತುಶಿಲ್ಪವೆಂದು ಟೀಕಿಸಿದವರಿದ್ದಾರೆ. ಆ ಟೀಕೆಯಲ್ಲಿ ಅರ್ಧ ನ್ಯಾಯವಷ್ಟೇ ಇದೆ ಎಂದು ನನಗನಿಸುತ್ತದೆ. ಮೇಲ್ಮೈ ಕಲ್ಲನ್ನು ನಟಿಸಿದರೂ, ಕಂಬದ ತೆಳುವು ಮತ್ತು ಗಾಜಿನ ಅಗಲ ಇದು ಕಲ್ಲಲ್ಲವೆಂದು ನೋಡಿದೊಡನೆ ಹೇಳಿಬಿಡುತ್ತವೆ. ಕಲ್ಲಿನಲ್ಲಿ ಅಂಥ ಕಂಬ ನಿಲ್ಲುವುದಿಲ್ಲ, ಅಂಥ ಕಿಟಕಿ ತೆರೆಯುವುದಿಲ್ಲ.

ಬಿಡಿಭಾಗಗಳಲ್ಲಿ ಸಾಗುವ ಕಟ್ಟಡದ ಈ ಪದ್ಧತಿ ನಮ್ಮ ಕಡೆಗೂ ತಲುಪಿತು, ಆದರೆ ನ್ಯೂಯಾರ್ಕ್‌ನಿಂದಲ್ಲ, ಬ್ರಿಟನ್ನಿನಿಂದ. ಮುಂಬಯಿಯ ವಾಟ್ಸನ್ಸ್ ಹೋಟೆಲನ್ನು ರೋಲಂಡ್ ಮೇಸನ್ ಆರ್ಡಿಶ್ ವಿನ್ಯಾಸದಂತೆ ಇಂಗ್ಲೆಂಡಿನಲ್ಲಿ ತಯಾರಾದ ಕಬ್ಬಿಣದ ಭಾಗಗಳಿಂದ 1860ರ ದಶಕದ ಕೊನೆಯಲ್ಲಿ ಕಟ್ಟಲಾಯಿತು. ಅದರ ಚೌಕಟ್ಟು ಹೊರಗಡೆಯೇ ಕಾಣುವಂಥದು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರ ನವೆಂಬರ್‌ನಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯ ಕಬ್ಬಿಣವೂ, 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಬಂದದ್ದು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸಾರಾಸನ್ ಫೌಂಡ್ರಿಯಿಂದ. ಇವು ಬೀದಿಯ ಮುಂಗೋಡೆಗಳಲ್ಲ. ಆದರೆ ಒಂದೆಡೆ ಎರಕ ಹೊಯ್ದು ಸಾವಿರಾರು ಮೈಲಿ ದೂರದಲ್ಲಿ ಬೋಲ್ಟ್ ಬಿಗಿಯುವ ವಿಧಾನ ಅದೇ.

ಬೆಂಕಿಯ ಪರೀಕ್ಷೆ

ಎರಕದ ಕಬ್ಬಿಣದಲ್ಲಿ ಇಂಗಾಲದ ಅಂಶ ಹೆಚ್ಚು, ಸಾಮಾನ್ಯವಾಗಿ ಶೇ. 2ರಿಂದ 4ರಷ್ಟು. ಅದರಿಂದಾಗಿ ಸುಲಭವಾಗಿ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಆದರೆ ಎಳೆತಕ್ಕೆ ದುರ್ಬಲ, ಪೆಟ್ಟು ಬಿದ್ದರೆ ಒಡೆಯುವಂಥದು. ಕಂಬಕ್ಕೆ ಒಳ್ಳೆಯದು, ತೊಲೆಗೆ ಅಪಾಯ. ದೊಡ್ಡ ಬೆಂಕಿಯಲ್ಲಿ ಅದು ಉರಿಯದಿದ್ದರೂ ಕಾದು ಬಲ ಕಳೆದುಕೊಳ್ಳುತ್ತದೆ, ಹಿಗ್ಗಿ ಕೂಡುಜಾಗಗಳನ್ನು ನೂಕುತ್ತದೆ. ಕೆಂಪಗೆ ಕಾದಾಗ ಕೊಳವೆಯ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಒಳಗೆ ಮರದ ತೊಲೆ, ಹೊರಗೆ ಕಬ್ಬಿಣದ ಮುಖವಿದ್ದ ಮಳಿಗೆಗಳಲ್ಲಿ ಒಳಗಿನ ಬೆಂಕಿಯೇ ಹೊರಗಿನ ಮುಖವನ್ನು ಕೆಡವಿತು. 1871ರ ಷಿಕಾಗೊ ಬೆಂಕಿ ಮತ್ತು 1872ರ ಬಾಸ್ಟನ್ ಬೆಂಕಿ ಈ ಪಾಠವನ್ನು ಎಲ್ಲರ ಕಣ್ಣೆದುರು ಕಲಿಸಿದವು. 'ಸನ್' ಪತ್ರಿಕೆಯ ಕಟ್ಟಡ 1904ರ ಬಾಲ್ಟಿಮೋರ್ ಬೆಂಕಿಯಲ್ಲಿ ನಾಶವಾಯಿತು. ಕಬ್ಬಿಣದ ಮುಖದ ಹಿಂದೆ ಕಡ್ಡಾಯವಾಗಿ ಇಟ್ಟಿಗೆಯ ಗೋಡೆ ಇರಬೇಕೆಂಬ ನಿಯಮಗಳು ಶತಮಾನದ ಕೊನೆಯ ವೇಳೆಗೆ ಬಂದವು. ಎರಡೆರಡು ಗೋಡೆ ಕಟ್ಟಬೇಕಾದ ಮೇಲೆ ಅಗ್ಗದ ಮಾತೂ ಹೋಯಿತು, ಜಾಗದ ಉಳಿತಾಯವೂ ಹೋಯಿತು. 1880ರ ದಶಕದಿಂದ ಉಕ್ಕಿನ ಚೌಕಟ್ಟು ಬಂದಾಗ ಎರಕದ ಮುಂಗೋಡೆಯ ಕಾಲ ಮುಗಿಯಿತು. ಬೊಗಾರ್ಡಸ್ 1874ರಲ್ಲಿಯೇ ತೀರಿಕೊಂಡಿದ್ದರು. ಅವರ ಸ್ವಂತ ಕಾರ್ಖಾನೆ ಹತ್ತು ವರ್ಷವಷ್ಟೇ ನಿಂತು, 1859ರಲ್ಲಿ ರಸ್ತೆ ಅಗಲೀಕರಣಕ್ಕೆ ಹೋಗಿತ್ತು.

ಬಿಚ್ಚಿದ ಮೇಲೆ

ಲೇಂಗ್ ಮಳಿಗೆಗಳು ಮಾತ್ರ ಸದ್ದಿಲ್ಲದೆ ಉಳಿದುಕೊಂಡವು. ಸುತ್ತಲಿನ ವಾಷಿಂಗ್ಟನ್ ಮಾರ್ಕೆಟ್ ಪ್ರದೇಶ ನಗರದ ಸಗಟು ಹಣ್ಣು ತರಕಾರಿ ವ್ಯಾಪಾರದ ಕೇಂದ್ರವಾಗಿ ಬೆಳೆದು, ಆ ವ್ಯಾಪಾರ 1960ರ ದಶಕದಲ್ಲಿ ಬ್ರಾಂಕ್ಸ್‌ನ ಹಂಟ್ಸ್ ಪಾಯಿಂಟ್‌ಗೆ ಸ್ಥಳಾಂತರಗೊಂಡಿತು. ಖಾಲಿಯಾದ ಪ್ರದೇಶವನ್ನು ನಗರ ನವೀಕರಣ ಯೋಜನೆಯಡಿ ನೆಲಸಮ ಮಾಡಿ ಹೊಸದಾಗಿ ಕಟ್ಟಲು ನಗರಾಡಳಿತ ನಿರ್ಧರಿಸಿತು. ಅಷ್ಟರಲ್ಲಿ ವಾಸ್ತುಶಿಲ್ಪದ ಇತಿಹಾಸಕಾರರು ಈ ಕಟ್ಟಡದ ಮಹತ್ವವನ್ನು ಗುರುತಿಸಿದ್ದರು. ನ್ಯೂಯಾರ್ಕ್‌ನದೇ ಆದ ಪೆನ್ಸಿಲ್ವೇನಿಯ ರೈಲು ನಿಲ್ದಾಣವನ್ನು ಕೆಡವಿದ ಆಘಾತದ ಬೆನ್ನಲ್ಲೇ 1965ರಲ್ಲಿ ಬಂದ ಸ್ಮಾರಕ ಸಂರಕ್ಷಣಾ ಕಾನೂನಿನಡಿ 1970ರಲ್ಲಿ ಇದಕ್ಕೆ ಸ್ಮಾರಕದ ಮಾನ್ಯತೆಯೂ ದೊರೆಯಿತು.

ಒಂದೇ ಸರ್ಕಾರದ ಎರಡು ನಿರ್ಧಾರಗಳು ಹೀಗೆ ಒಂದೇ ಮೂಲೆಯಲ್ಲಿ ಎದುರುಬದುರಾದವು. ರಾಜಿಯ ದಾರಿಯಾಗಿ ಕಂಡದ್ದು ಬೊಗಾರ್ಡಸ್ ಹೇಳಿದ್ದ ಮಾತೇ: ಕಬ್ಬಿಣದ ಕಟ್ಟಡವನ್ನು ಬಿಚ್ಚಬಹುದು, ಒಯ್ಯಬಹುದು, ಮತ್ತೆ ಜೋಡಿಸಬಹುದು. ಅದೇ ಪ್ರದೇಶದಲ್ಲಿ ಬರಲಿದ್ದ ಮ್ಯಾನ್‌ಹಟನ್ ಸಮುದಾಯ ಕಾಲೇಜಿನ ಹೊಸ ಆವರಣದಲ್ಲಿ ಈ ಮುಂಗೋಡೆಯನ್ನು ಮರುಜೋಡಿಸುವುದೆಂದು ತೀರ್ಮಾನವಾಯಿತು. 1971ರಲ್ಲಿ ಅಳತೆ ತೆಗೆದು, ದಾಖಲಿಸುತ್ತ, ಭಾಗಭಾಗವಾಗಿ ಬಿಚ್ಚಿದರು. ಇಂದು ಈ ಮೊದಲ ತಲೆಮಾರಿನ ಕಬ್ಬಿಣದ ಮುಂಗೋಡೆಯ ಒಳರಚನೆ ನಮಗೆ ತಿಳಿದಿದೆಯೆಂದರೆ ಅದಕ್ಕೆ ಆ ಕೆಲಸ ಮಾಡಿದವರೇ ಕಾರಣ.

ಬಿಚ್ಚಿದ ಭಾಗಗಳನ್ನು ನವೀಕರಣ ಪ್ರದೇಶದ ಖಾಲಿ ಜಾಗವೊಂದರಲ್ಲಿ ಇಟ್ಟರು. ಕಾಲೇಜಿನ ಕಟ್ಟಡ ತಡವಾಯಿತು. 1974ರ ಜೂನ್‌ನಲ್ಲಿ ಕಬ್ಬಿಣದ ಫಲಕಗಳನ್ನು ವಾಹನಕ್ಕೆ ತುಂಬುತ್ತಿದ್ದವರು ಸಿಕ್ಕಿಬಿದ್ದಾಗ, ಸುಮಾರು ಮೂರನೇ ಎರಡು ಭಾಗ ಆಗಲೇ ಹೋಗಿತ್ತು. ಒಡೆದು, ಬ್ರಾಂಕ್ಸ್‌ನ ಗುಜರಿಗೆ ಲೋಹದ ತೂಕದ ಬೆಲೆಗೆ ಮಾರಿದ್ದರು. ಸ್ಮಾರಕ ಸಂರಕ್ಷಣಾ ಆಯೋಗದ ಅಧ್ಯಕ್ಷೆ ಬೆವರ್ಲಿ ಮಾಸ್ ಸ್ಪ್ಯಾಟ್ ಪತ್ರಕರ್ತರ ಬಳಿಗೆ ಬಂದು, ತಮ್ಮ ಕಟ್ಟಡವೊಂದನ್ನು ಯಾರೋ ಕದ್ದಿದ್ದಾರೆಂದು ಹೇಳಿದಾಗ ಕೇಳಿದವರಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಉಳಿದ ಭಾಗಗಳನ್ನು ನಗರದ ಒಡೆತನದ ಬೇರೊಂದು ಕಟ್ಟಡಕ್ಕೆ ಸಾಗಿಸಿದರು. 1977ರಲ್ಲಿ ಅವುಗಳನ್ನು ಹುಡುಕಿಕೊಂಡು ಹೋದಾಗ ಅಲ್ಲಿಯೂ ಇರಲಿಲ್ಲ.

ಕಳ್ಳರನ್ನು ದೂರುವುದು ಸುಲಭ. ನನ್ನ ಆಕ್ಷೇಪವಿರುವುದು ಅದಕ್ಕೂ ಹಿಂದಿನ ಹೆಜ್ಜೆಯ ಬಗ್ಗೆ. ಬಿಚ್ಚುವ ದಿನ ಗೊತ್ತಾಗಿತ್ತು. ಜೋಡಿಸುವ ದಿನವಾಗಲಿ, ಅದಕ್ಕೆ ಸಿದ್ಧವಾದ ನಿವೇಶನವಾಗಲಿ ಇರಲಿಲ್ಲ. ಕಲ್ಲಿನ ಕಟ್ಟಡವನ್ನು ಬಿಚ್ಚಿಟ್ಟರೆ ಉಳಿಯುವುದು ಕಲ್ಲು. ಅದನ್ನು ಕದ್ದವನಿಗೆ ಸಾಗಿಸುವ ಖರ್ಚೂ ಹುಟ್ಟುವುದಿಲ್ಲ. ಕಬ್ಬಿಣದ ಕಟ್ಟಡವನ್ನು ಬಿಚ್ಚಿಟ್ಟರೆ ಉಳಿಯುವುದು ಮರುದಿನವೇ ಮಾರಾಟವಾಗುವ ಸರಕು. ನಿಂತಿರುವಾಗ ಸ್ಮಾರಕ, ಬಿಚ್ಚಿದಾಗ ಗುಜರಿ ಎಂಬ ಈ ಸ್ಥಿತಿ ಎರಕದ ಕಬ್ಬಿಣಕ್ಕೆ ಹುಟ್ಟಿನಿಂದಲೇ ಅಂಟಿಕೊಂಡದ್ದು. ಕಾವಲಿನ ಏರ್ಪಾಡು ಮಾಡುವಾಗ ಇದನ್ನೇ ಮೊದಲು ಎಣಿಸಬೇಕಿತ್ತು.

ಇದೇ ವರ್ಷಗಳಲ್ಲಿ, ಸ್ವಲ್ಪ ಉತ್ತರಕ್ಕೆ, ಇನ್ನೊಂದು ದಾರಿ ಸಾಧ್ಯವೆಂದು ತೋರಿತು. ಬ್ರೂಮ್ ಬೀದಿಯ ಮೇಲೆ ಹಾದುಹೋಗಬೇಕಿದ್ದ ಲೋವರ್ ಮ್ಯಾನ್‌ಹಟನ್ ಎಕ್ಸ್‌ಪ್ರೆಸ್‌ವೇ ಯೋಜನೆ ಜಾರಿಯಾಗಿದ್ದರೆ ಆ ಬೀದಿಯ ಕಬ್ಬಿಣದ ಕಟ್ಟಡಗಳ ಸಾಲೇ ಉಳಿಯುತ್ತಿರಲಿಲ್ಲ. ನಗರ ಯೋಜನೆಗಳನ್ನು ಟೀಕಿಸುತ್ತಿದ್ದ ಲೇಖಕಿ ಜೇನ್ ಜ್ಯಾಕಬ್ಸ್ ಮೊದಲಾದವರ ವಿರೋಧದಿಂದ ಅದು 1969ರಲ್ಲಿ ಕೊನೆಗೊಂಡಿತು. ಮಾರ್ಗೊ ಗೇಲ್ 1970ರಲ್ಲಿ ಎರಕದ ಕಬ್ಬಿಣದ ವಾಸ್ತುಶಿಲ್ಪದ ಗೆಳೆಯರ ಬಳಗವನ್ನು ಕಟ್ಟಿದರು. ಬಣ್ಣದಡಿಯಲ್ಲಿರುವುದು ಕಲ್ಲೋ ಕಬ್ಬಿಣವೋ ಎಂದು ಯಾರು ಬೇಕಾದರೂ ಪರೀಕ್ಷಿಸಲೆಂದು ಅವರು ಸಣ್ಣ ಅಯಸ್ಕಾಂತಗಳನ್ನು ಹಂಚುತ್ತಿದ್ದರು. ಕಂಬಕ್ಕೆ ಅಯಸ್ಕಾಂತ ಟಕ್ಕನೆ ಅಂಟಿಕೊಂಡಾಗ, ಅದುವರೆಗೆ ಕಲ್ಲೆಂದೇ ತಿಳಿದಿದ್ದ ನಿವಾಸಿಗಳು ಆ ಕಟ್ಟಡವನ್ನು ಬೇರೆಯಾಗಿ ನೋಡತೊಡಗಿದರು. 1973ರಲ್ಲಿ, ಬ್ರೂಮ್ ಬೀದಿಯ ಸುತ್ತಲಿನ ಸೋಹೋ ಬಡಾವಣೆಯಲ್ಲಿ, ಸೋಹೋ ಎರಕದ ಕಬ್ಬಿಣ ಪಾರಂಪರಿಕ ಪ್ರದೇಶ ಘೋಷಣೆಯಾಯಿತು. ಅಲ್ಲಿಯ ಕಟ್ಟಡಗಳನ್ನು ಬಿಚ್ಚಲಿಲ್ಲ, ಒಯ್ಯಲಿಲ್ಲ. ಇದ್ದಲ್ಲಿಯೇ ಕಲಾವಿದರ ಮನೆಗಳಾಗಿ, ಅಂಗಡಿಗಳಾಗಿ ಮತ್ತೆ ಬಳಕೆಗೆ ಬಂದವು. ನ್ಯೂಯಾರ್ಕ್‌ನಲ್ಲಿ ಇಂದಿಗೂ ಇರುವ ಸುಮಾರು 250 ಎರಕದ ಕಬ್ಬಿಣದ ಕಟ್ಟಡಗಳಲ್ಲಿ ಹೆಚ್ಚಿನವು ಅಲ್ಲಿಯೇ ಇವೆ.

ಲೇಂಗ್ ಮಳಿಗೆಗಳಿದ್ದ ಮೂಲೆಯಲ್ಲಿ ಈಗ ನೋಡಲು ಏನೂ ಇಲ್ಲ. ಸೌತ್ ಸ್ಟ್ರೀಟ್ ಸೀಪೋರ್ಟ್ ಪ್ರದೇಶದ ಫುಲ್ಟನ್ ಬೀದಿಯಲ್ಲಿ 1983ರಲ್ಲಿ ಎದ್ದ ಉಕ್ಕು ಮತ್ತು ಗಾಜಿನ ಕಟ್ಟಡಕ್ಕೆ ಬೊಗಾರ್ಡಸ್ ಹೆಸರಿಟ್ಟಿದ್ದಾರೆ; ಅದರಲ್ಲಿ ಅವರ ಕೈಯ ಕೆಲಸವಿಲ್ಲ. ಅವರ ಎರಕವನ್ನು ಕಣ್ಣಾರೆ ಕಾಣಬಯಸುವವರಿಗೆ ಅದೇ ಮರ್ರೆ ಬೀದಿಯ 75ನೆಯ ಸಂಖ್ಯೆಯಲ್ಲಿ 1857ರ ಮುಂಗೋಡೆಯೊಂದಿದೆ, ಲೆನರ್ಡ್ ಬೀದಿಯ 85ರಲ್ಲಿ 1861ರ ಇನ್ನೊಂದಿದೆ. ಎರಡೂ ಕಟ್ಟಿದ ಜಾಗದಲ್ಲಿಯೇ ನಿಂತಿವೆ, ಎರಡಕ್ಕೂ ಸ್ಮಾರಕದ ರಕ್ಷಣೆಯಿದೆ.